ತುರ್ತು ಅಧಿಕಾರ: ಶುರು ಮಾಡುವುದು ಸುಲಭ, ಮುಗಿಸುವ ಹೊಣೆ ಯಾರದು?

2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆ ಸುಮಾರಿಗೆ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ, ಸೈನಿಕರು ಸಂಸತ್ ಭವನಕ್ಕೆ ನುಗ್ಗಿದ್ದರೂ, ಸದನದಲ್ಲಿ ಹಾಜರಿದ್ದ 190 ಸದಸ್ಯರೂ ಅದನ್ನು ತೆಗೆಯಬೇಕೆಂದು ಮತ ಹಾಕಿದರು. ಬೆಳಗಾಗುವ ಮೊದಲೇ ಅಧ್ಯಕ್ಷರು ಆದೇಶ ಹಿಂಪಡೆದರು. ಎಲ್ಲ ಸೇರಿ ಸುಮಾರು ಆರು ಗಂಟೆ.

ಅಮೆರಿಕದ ಕಥೆ ಬೇರೆ. ಟೆಹರಾನಿನ ರಾಯಭಾರ ಕಚೇರಿಯ ಸಿಬ್ಬಂದಿ ಒತ್ತೆಯಾಳುಗಳಾದಾಗ, 1979ರ ನವೆಂಬರ್ 14ರಂದು ಅಲ್ಲಿ ಇರಾನ್ ಕುರಿತ ‘ರಾಷ್ಟ್ರೀಯ ತುರ್ತು ಪರಿಸ್ಥಿತಿ’ ಘೋಷಣೆಯಾಯಿತು. ಒತ್ತೆಯಾಳುಗಳು 1981ರ ಜನವರಿಯಲ್ಲೇ ಮನೆಗೆ ಮರಳಿದರು. ಘೋಷಣೆ ಮಾತ್ರ ವರ್ಷವರ್ಷವೂ ನವೀಕರಣಗೊಳ್ಳುತ್ತಾ ನಾಲ್ಕು ದಶಕ ದಾಟಿತು. 2025ರಲ್ಲಿ ಅದೇ ದೇಶದ ಸರ್ಕಾರ ವ್ಯಾಪಾರ ಕೊರತೆಯನ್ನೂ ತುರ್ತು ಪರಿಸ್ಥಿತಿ ಎಂದು ಸಾರಿ, 1977ರ ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯಡಿ ಭಾರತವೂ ಸೇರಿದಂತೆ ಹಲವು ದೇಶಗಳ ಸರಕಿನ ಮೇಲೆ ಸುಂಕ ಹೇರಿತು. ಆ ಕಾಯ್ದೆ ಸುಂಕ ಹಾಕುವ ಅಧಿಕಾರ ಕೊಡುತ್ತದೆಯೇ ಎಂಬ ವ್ಯಾಜ್ಯ ಕೆಳಗಿನ ಕೋರ್ಟುಗಳಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಇಂಥ ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. ಹೆಸರು ಒಂದೇ, ಆಯುಷ್ಯದಲ್ಲಿ ಇಷ್ಟು ಅಂತರ ಹೇಗೆ? ನಾಯಕರ ಸ್ವಭಾವ, ಜನರ ಎಚ್ಚರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಕೆಲಸ ಮಾಡುವುದು ಕಾನೂನಿನಲ್ಲಿರುವ ಒಂದು ಲೆಕ್ಕ: ತುರ್ತು ಅಧಿಕಾರವನ್ನು ಮುಂದುವರಿಸಲು ಎಷ್ಟು ಮತ ಬೇಕು, ನಿಲ್ಲಿಸಲು ಎಷ್ಟು ಮತ ಬೇಕು? ಕೊರಿಯಾ ಸಂವಿಧಾನದ 77ನೇ ವಿಧಿಯ ಪ್ರಕಾರ ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು, ಅಂದರೆ 300ರಲ್ಲಿ 151 ಮಂದಿ ಕೇಳಿದರೆ ಅಧ್ಯಕ್ಷರು ಸೇನಾಡಳಿತ ತೆಗೆಯಲೇಬೇಕು. ಅಮೆರಿಕದಲ್ಲಿ ಮುಂದುವರಿಸಲು ಒಂದು ಸಹಿ ಸಾಕು, ನಿಲ್ಲಿಸಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕಾಗುತ್ತದೆ. ಭಾರತ ಈ ಎರಡೂ ಬಗೆಯನ್ನು ಕಂಡಿದೆ.

ಘೋಷಣೆಯಾದರೆ ಬದಲಾಗುವುದೇನು?

ಸಾಮಾನ್ಯ ದಿನಗಳಲ್ಲಿ ಸರ್ಕಾರ ಒಬ್ಬರ ಹಕ್ಕಿಗೆ ಕೈ ಹಾಕಬೇಕಾದರೆ ಮೊದಲು ಶಾಸನಸಭೆ ಮಾಡಿದ ಕಾನೂನು ಇರಬೇಕು, ಆ ಕಾನೂನಿನ ಮಿತಿಯೊಳಗೆ ಆದೇಶ ಹೊರಡಬೇಕು, ಆದೇಶ ತಪ್ಪು ಎನಿಸಿದರೆ ಕೋರ್ಟಿಗೆ ಹೋಗುವ ದಾರಿ ತೆರೆದಿರಬೇಕು. ತುರ್ತು ಘೋಷಣೆ ಈ ಮೂರನ್ನೂ ಒಟ್ಟಿಗೆ ಸಡಿಲಿಸುತ್ತದೆ.

ಭಾರತದ ಸಂವಿಧಾನದಲ್ಲಿ ಈ ಸಡಿಲಿಕೆ ಎರಡು ವಿಧಿಗಳಲ್ಲಿದೆ. 358ನೇ ವಿಧಿಯಡಿ, 19ನೇ ವಿಧಿಯ ಸ್ವಾತಂತ್ರ್ಯಗಳು (ಮಾತು, ಸಭೆ, ಸಂಘ, ಸಂಚಾರ, ವೃತ್ತಿ) ಸರ್ಕಾರಕ್ಕೆ ಹಾಕಿರುವ ಅಂಕೆ ತಾನಾಗಿಯೇ ಬಿಟ್ಟುಹೋಗುತ್ತದೆ, ಬೇರೆ ಆದೇಶವೇ ಬೇಡ. 359ನೇ ವಿಧಿಯಡಿ ರಾಷ್ಟ್ರಪತಿ ನಿರ್ದಿಷ್ಟ ಹಕ್ಕುಗಳನ್ನು ಹೆಸರಿಸಿ, ಅವುಗಳಿಗಾಗಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದು ಆದೇಶಿಸಬಹುದು. ಹಕ್ಕು ಸಂವಿಧಾನದಲ್ಲಿ ಉಳಿದಿರುತ್ತದೆ, ಅದನ್ನು ಕೇಳುವ ಕಿಟಕಿ ಮುಚ್ಚಿರುತ್ತದೆ. ಹೊರಗಿನಿಂದ ನೋಡುವವರಿಗೆ ಸಣ್ಣದಾಗಿ ಕಾಣುವ ಈ ಎರಡನೆಯ ಉಪಾಯವೇ ಹೆಚ್ಚು ಅಪಾಯಕಾರಿ.

ತುರ್ತು ಅಧಿಕಾರ ಬೇಡವೇ ಬೇಡ ಎನ್ನುವವರು ಕಡಿಮೆ. 1979ರಲ್ಲಿ ಭಾರತವೂ ಸೇರಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 4ನೇ ವಿಧಿ ಕೂಡ ಅದನ್ನು ಒಪ್ಪುತ್ತದೆ, ಷರತ್ತು ಹಾಕಿ. ಗಂಡಾಂತರ ರಾಷ್ಟ್ರದ ಬದುಕಿಗೇ ಎದುರಾಗಿರಬೇಕು, ಘೋಷಣೆ ಅಧಿಕೃತವಾಗಿರಬೇಕು, ಕ್ರಮ ಪರಿಸ್ಥಿತಿಗೆ ಬೇಕಾದಷ್ಟೇ ಇರಬೇಕು, ಜನಾಂಗ, ಲಿಂಗ, ಭಾಷೆ, ಧರ್ಮದ ಆಧಾರದ ಮೇಲೆ ತಾರತಮ್ಯ ಕೂಡದು. ಜೀವದ ಹಕ್ಕು, ಚಿತ್ರಹಿಂಸೆಯಿಂದ ರಕ್ಷಣೆ, ಗುಲಾಮಗಿರಿಯಿಂದ ರಕ್ಷಣೆ, ಆತ್ಮಸಾಕ್ಷಿಯ ಸ್ವಾತಂತ್ರ್ಯ ಇವನ್ನು ಯಾವ ಸಂದರ್ಭದಲ್ಲೂ ಮುಟ್ಟುವಂತಿಲ್ಲ.

1975: ಬೀಗ ಎಲ್ಲೆಲ್ಲಿ ಇರಲಿಲ್ಲ?

ಭಾರತದಲ್ಲಿ ತುರ್ತು ಪರಿಸ್ಥಿತಿ ಎಂದರೆ ನೆನಪಾಗುವುದು 1975ರ ಜೂನ್ 25. ಆದರೆ ಅದು ಮೂರನೆಯದು. ಹಿಂದಿನ ಎರಡನ್ನು ನೋಡದೆ ದೋಷ ಎಲ್ಲಿತ್ತು ಎಂಬುದು ಗೊತ್ತಾಗುವುದಿಲ್ಲ.

ಮೊದಲನೆಯದು ಚೀನಾ ಯುದ್ಧದ ಸಮಯದ್ದು. ಯುದ್ಧ 1962ರ ಅಕ್ಟೋಬರ್ 20ರಂದು ಶುರುವಾಗಿ ನವೆಂಬರ್ 21ಕ್ಕೆ ನಿಂತಿತು. ಅಕ್ಟೋಬರ್ 26ರಂದು ಘೋಷಿಸಿದ ತುರ್ತು ಪರಿಸ್ಥಿತಿ ಮುಗಿದದ್ದು 1968ರ ಜನವರಿ 10ರಂದು. ನಡುವೆ 1965ರ ಯುದ್ಧವೂ ಬಂದುಹೋಯಿತು. ಎರಡನೆಯದು 1971ರ ಡಿಸೆಂಬರ್ 3ರಂದು, ಪಾಕಿಸ್ತಾನದ ಜೊತೆಗಿನ ಯುದ್ಧಕ್ಕೆ. ಯುದ್ಧ ಎರಡೇ ವಾರದಲ್ಲಿ, ಡಿಸೆಂಬರ್ 16ಕ್ಕೆ ಮುಗಿಯಿತು. ಘೋಷಣೆ 1977ರ ಮಾರ್ಚ್‌ವರೆಗೂ ಉಳಿಯಿತು. ಅಂದರೆ ‘ಆಂತರಿಕ ಕ್ಷೋಭೆ’ಯ ಹೆಸರಿನಲ್ಲಿ ಮೂರನೆಯ ಘೋಷಣೆ ಹೊರಟಾಗ ಎರಡನೆಯದು ಇನ್ನೂ ಜಾರಿಯಲ್ಲೇ ಇತ್ತು!

ಕಾರಣ ಸರಳ. ಆಗಿನ 352ನೇ ವಿಧಿಯಂತೆ ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಸಾಮಾನ್ಯ ಬಹುಮತದ ಒಪ್ಪಿಗೆ ಸಿಕ್ಕಿದರೆ ಮುಗಿಯಿತು. ಆಮೇಲೆ ನವೀಕರಣ ಎಂಬುದೇ ಇರಲಿಲ್ಲ. ಸರ್ಕಾರವೇ ಮನಸ್ಸು ಮಾಡಿ ಹಿಂಪಡೆಯುವವರೆಗೆ ಅದು ಇದ್ದೇ ಇರುತ್ತಿತ್ತು. ಸುಮ್ಮನಿದ್ದರೆ ಸಾಕು, ಅಧಿಕಾರ ಮುಂದುವರಿಯುತ್ತಿತ್ತು. ಹಾಗೆ ಸುಮ್ಮನಿರುವುದರಲ್ಲಿ ಲಾಭವಿದ್ದವರ ಕೈಯಲ್ಲೇ ಅದನ್ನು ಮುಗಿಸುವ ಕೀಲಿಕೈ ಇತ್ತು.

ಘೋಷಣೆಯ ವಿಧಾನದಲ್ಲೂ ತೂತಿತ್ತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಜೂನ್ 25ರ ರಾತ್ರಿ ಸಹಿ ಹಾಕಿದರು. ಕೇಂದ್ರ ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ, ಆಗಿಹೋದದ್ದಕ್ಕೆ ಒಪ್ಪಿಗೆ ಕೊಡಲು. ಜುಲೈನಲ್ಲಿ ಸಂಸತ್ತು ಅನುಮೋದಿಸುವಾಗ ವಿರೋಧ ಪಕ್ಷಗಳ ಹಲವು ಸದಸ್ಯರು ಜೈಲಿನಲ್ಲಿದ್ದರು. 38ನೇ ತಿದ್ದುಪಡಿ ಬಂದು ಘೋಷಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಅವಕಾಶವನ್ನೇ ತೆಗೆಯಿತು. 1976ರಲ್ಲಿ ಮುಗಿಯಬೇಕಿದ್ದ ಲೋಕಸಭೆಯ ಅವಧಿ ವಿಸ್ತರಣೆಯಾಯಿತು.

ಜೂನ್ 27ರ ರಾಷ್ಟ್ರಪತಿ ಆದೇಶ 14, 21 ಮತ್ತು 22ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯಿತು. ಆಂತರಿಕ ಭದ್ರತಾ ಕಾಯ್ದೆ ‘ಮೀಸಾ’ಗೆ ತಿದ್ದುಪಡಿ ತಂದು, ಬಂಧಿತರಿಗೆ ಕಾರಣ ತಿಳಿಸಬೇಕಾಗಿಲ್ಲ ಎಂದು ಮಾಡಲಾಯಿತು. ಎರಡನ್ನೂ ಜೋಡಿಸಿ ನೋಡಿದರೆ ಪರಿಣಾಮ ಏನೆಂದು ಗೊತ್ತಾಗುತ್ತದೆ: ಯಾಕೆ ಹಿಡಿದರು ಎಂದು ಕೇಳುವಂತಿಲ್ಲ, ಕೇಳಲು ಜಾಗವೂ ಇಲ್ಲ. ಆದರೂ ಒಂಬತ್ತು ಹೈಕೋರ್ಟುಗಳು ಬಂಧನ ಕಾನೂನುಬದ್ಧವೇ ಎಂದಾದರೂ ನೋಡುತ್ತೇವೆ ಎಂದವು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಾಲ್ಕು–ಒಂದರ ಬಹುಮತದಿಂದ ಆ ಬಾಗಿಲನ್ನೂ ಹಾಕಿತು. ವಿಚಾರಣೆ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು, ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರ ಇಲ್ಲವೇ ಎಂದು ಕೇಳಿದ್ದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದೇ ಸರ್ಕಾರದ ಪರ ಬಂದ ಉತ್ತರ. ಒಬ್ಬರೇ ಭಿನ್ನ ತೀರ್ಪು ಬರೆದ ಖನ್ನಾ ಅವರ ಹಿರಿತನವನ್ನು ಮರುವರ್ಷ ಕಡೆಗಣಿಸಲಾಯಿತು, ಅವರು ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಷಾ ಆಯೋಗದ ಲೆಕ್ಕದಂತೆ ಮೀಸಾ ಅಡಿ 34,988 ಮಂದಿ, ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿ ಬಂಧಿತರಾಗಿದ್ದರು.

44ನೇ ತಿದ್ದುಪಡಿ: ಒಂದೊಂದು ತೂತಿಗೆ ಒಂದೊಂದು ಬೆಣೆ

1978ರ 44ನೇ ತಿದ್ದುಪಡಿಯನ್ನು ಓದುವಾಗ ಪ್ರತಿ ಸಾಲಿನ ಹಿಂದೆಯೂ 1975ರ ಒಂದು ಘಟನೆ ಕಾಣುತ್ತದೆ. ‘ಆಂತರಿಕ ಕ್ಷೋಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು. ಮುಷ್ಕರ, ಮೆರವಣಿಗೆ, ರಾಜಕೀಯ ಚಳವಳಿ ಇನ್ನು ಕಾರಣವಾಗಲಾರವು. ರಾತ್ರೋರಾತ್ರಿ ಸಹಿ ಹಾಕಿಸಿಕೊಂಡು ಬೆಳಿಗ್ಗೆ ಸಂಪುಟಕ್ಕೆ ತಿಳಿಸುವಂತಿಲ್ಲ. ಸಂಪುಟದ ತೀರ್ಮಾನ ಲಿಖಿತವಾಗಿ ಬಂದ ಮೇಲೆಯೇ ರಾಷ್ಟ್ರಪತಿ ಘೋಷಿಸಬೇಕು. ಸಂಸತ್ತಿನ ಒಪ್ಪಿಗೆಗೆ ಎರಡು ತಿಂಗಳ ಬದಲು ಒಂದು ತಿಂಗಳು. ಕೋರ್ಟಿನ ಪರಿಶೀಲನೆಗೆ 38ನೇ ತಿದ್ದುಪಡಿ ಹಾಕಿದ್ದ ಅಡ್ಡಿ ರದ್ದು. 358ನೇ ವಿಧಿ ಯುದ್ಧ ಅಥವಾ ಹೊರಗಿನ ಆಕ್ರಮಣಕ್ಕೆ ಮಾತ್ರ. 20 ಮತ್ತು 21ನೇ ವಿಧಿಗಳನ್ನು, ಅಂದರೆ ಅಪರಾಧ ವಿಚಾರಣೆಯ ಮೂಲ ರಕ್ಷಣೆಗಳು ಮತ್ತು ಜೀವ–ಸ್ವಾತಂತ್ರ್ಯದ ಹಕ್ಕನ್ನು, 359ನೇ ವಿಧಿಯಡಿ ಅಮಾನತಿನಲ್ಲಿಡುವಂತೆಯೇ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮತಗಳ ಲೆಕ್ಕ ತಲೆಕೆಳಗಾದದ್ದು. ಈಗ ತುರ್ತು ಪರಿಸ್ಥಿತಿ ಮೊದಲ ತಿಂಗಳು ದಾಟಲು, ಆಮೇಲೆ ಪ್ರತಿ ಆರು ತಿಂಗಳಿಗೊಮ್ಮೆ ಮುಂದುವರಿಯಲು, ಎರಡೂ ಸದನಗಳಲ್ಲಿ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ನಿಲ್ಲಿಸಲು ಲೋಕಸಭೆಯೊಂದರ ಸಾಮಾನ್ಯ ಬಹುಮತ ಸಾಕು. ಅಧಿವೇಶನವನ್ನೇ ಕರೆಯದಿದ್ದರೆ? ಅದಕ್ಕೂ ದಾರಿ ಇದೆ. ಲೋಕಸಭೆಯ ಹತ್ತನೇ ಒಂದರಷ್ಟು ಸದಸ್ಯರು, 543ರ ಲೆಕ್ಕದಲ್ಲಿ 55 ಮಂದಿ, ಲಿಖಿತ ನೋಟಿಸ್ ಕೊಟ್ಟರೆ 14 ದಿನಗಳೊಳಗೆ ವಿಶೇಷ ಸಭೆ ಸೇರಲೇಬೇಕು. ಏನೂ ಮಾಡದೆ ಸುಮ್ಮನಿದ್ದರೆ ಆರು ತಿಂಗಳಿಗೆ ತುರ್ತು ಪರಿಸ್ಥಿತಿ ತಾನಾಗಿಯೇ ಸಾಯುತ್ತದೆ. 1977ರ ನಂತರ 352ನೇ ವಿಧಿಯಡಿ ಒಂದು ಘೋಷಣೆಯೂ ಬಂದಿಲ್ಲ. ಜಬಲ್ಪುರ್ ತೀರ್ಪನ್ನು 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ಕುರಿತ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ತಳ್ಳಿಹಾಕಿತು.

ಲೆಕ್ಕ ಉಲ್ಟಾ ಆದರೆ

ಅಮೆರಿಕವೂ ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಪಾಠ ಕಲಿಯಲು ಹೊರಟಿತ್ತು. 1933, 1950, 1970 ಮತ್ತು 1971ರ ನಾಲ್ಕು ಘೋಷಣೆಗಳು ಇನ್ನೂ ಜೀವಂತ ಇವೆ ಎಂದು ತಿಳಿದ ಅಲ್ಲಿನ ಸಂಸತ್ತು ಕಾಂಗ್ರೆಸ್, 1976ರಲ್ಲಿ ರಾಷ್ಟ್ರೀಯ ತುರ್ತು ಪರಿಸ್ಥಿತಿಗಳ ಕಾಯ್ದೆ ಮಾಡಿತು. ಎರಡೂ ಸದನಗಳು ಸಾಮಾನ್ಯ ಬಹುಮತದಿಂದ ನಿರ್ಣಯ ಮಾಡಿದರೆ ಅಧ್ಯಕ್ಷರ ಸಹಿ ಇಲ್ಲದೆಯೇ ಘೋಷಣೆ ರದ್ದಾಗುತ್ತಿತ್ತು. 1983ರ ಚಡ್ಡಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಧ್ಯಕ್ಷರ ಮುಂದೆ ಹೋಗದ ಇಂಥ ನಿರ್ಣಯಗಳು ಸಂವಿಧಾನಬಾಹಿರ ಎಂದಿತು. 1985ರ ತಿದ್ದುಪಡಿಯ ನಂತರ ನಿರ್ಣಯಕ್ಕೂ ಅಧ್ಯಕ್ಷರ ಸಹಿ ಬೇಕಾಯಿತು. ತಾನೇ ಮಾಡಿದ ಘೋಷಣೆ ರದ್ದಾಗಲಿ ಎಂದು ಯಾವ ಅಧ್ಯಕ್ಷರು ಸಹಿ ಹಾಕುತ್ತಾರೆ?

2019ರಲ್ಲಿ ಅದೇ ಆಯಿತು. ಮೆಕ್ಸಿಕೊ ಗಡಿ ಗೋಡೆಗೆ ಕಾಂಗ್ರೆಸ್ ಕೇಳಿದಷ್ಟು ಹಣ ಕೊಡದಿದ್ದಾಗ ಅಧ್ಯಕ್ಷ ಟ್ರಂಪ್ ಫೆಬ್ರುವರಿ 15ರಂದು ತುರ್ತು ಪರಿಸ್ಥಿತಿ ಘೋಷಿಸಿ, ಸೇನೆಯ ಕಟ್ಟಡ ಕಾಮಗಾರಿಯ ಹಣವನ್ನು ಅತ್ತ ತಿರುಗಿಸಿದರು. ರದ್ದತಿ ನಿರ್ಣಯ ಕೆಳಮನೆಯಲ್ಲಿ 245–182, ಸೆನೆಟ್‌ನಲ್ಲಿ 59–41 ಮತಗಳಿಂದ ಗೆದ್ದಿತು. ಮಾರ್ಚ್ 15ರಂದು ಅಧ್ಯಕ್ಷರು ವಿಟೊ ಹಾಕಿದರು. ಅದನ್ನು ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಎರಡೂ ಸದನಗಳ ಬಹುಮತ ಬೇಡ ಎಂದ ತುರ್ತು ಪರಿಸ್ಥಿತಿ ಮುಂದುವರಿಯಿತು.

ಗಡುವೇ ಇಲ್ಲದ ಆದೇಶ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಜರ್ಮನಿಗಿಂತ ಕ್ರೂರ ಉದಾಹರಣೆ ಇಲ್ಲ. 1933ರ ಫೆಬ್ರುವರಿ 28ರ ಸುಗ್ರೀವಾಜ್ಞೆ ವೈಮಾರ್ ಸಂವಿಧಾನದ ಏಳು ಹಕ್ಕುಗಳನ್ನು ‘ಮುಂದಿನ ಆದೇಶದವರೆಗೆ’ ಅಮಾನತು ಮಾಡಿತು. ಆ ಮುಂದಿನ ಆದೇಶ ಬರಲೇ ಇಲ್ಲ. 1945ರಲ್ಲಿ ನಾಜಿ ಆಡಳಿತ ಕುಸಿಯುವವರೆಗೂ ಅದು ಜಾರಿಯಲ್ಲಿತ್ತು.

ಗಡುವು ಇದ್ದರೂ ಒಂದು ತೊಡಕು ಉಳಿಯುತ್ತದೆ, ಅದನ್ನು ಫ್ರಾನ್ಸ್ ತೋರಿಸಿಕೊಟ್ಟಿತು. ಅಲ್ಲಿನ 1955ರ ಕಾನೂನಿನಂತೆ 12 ದಿನಗಳ ನಂತರ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು. ಪ್ಯಾರಿಸ್ ದಾಳಿಯ ನಂತರ 2015ರ ನವೆಂಬರ್‌ನಲ್ಲಿ ಬಂದ ತುರ್ತು ಪರಿಸ್ಥಿತಿ ಆರು ಸಲ ವಿಸ್ತರಣೆಯಾಗಿ 2017ರ ನವೆಂಬರ್ 1ಕ್ಕೆ ಮುಗಿಯಿತು. ಆದರೆ ಮುಗಿಯುವ ಎರಡು ದಿನ ಮೊದಲು, ಮನೆ ಶೋಧ, ವ್ಯಕ್ತಿಯ ಓಡಾಟಕ್ಕೆ ಮಿತಿ, ಪ್ರಾರ್ಥನಾ ಸ್ಥಳ ಮುಚ್ಚಿಸುವುದು ಮೊದಲಾದ ಅಧಿಕಾರಗಳು ತುಸು ರೂಪ ಬದಲಿಸಿಕೊಂಡು ಸಾಮಾನ್ಯ ಕಾನೂನಿಗೆ ಸೇರಿಕೊಂಡವು. ಹೆಸರು ಹೋಯಿತು, ಸರಕು ಉಳಿಯಿತು.

ಹಿಂಬಾಗಿಲು: ಸಾಮಾನ್ಯ ಕಾನೂನಿನ ತುರ್ತು

ನನ್ನ ಅಭಿಪ್ರಾಯದಲ್ಲಿ ಇಂದಿನ ನಿಜವಾದ ಸಮಸ್ಯೆ ಇಲ್ಲಿದೆ. ಮುಂಬಾಗಿಲಿಗೆ ಎಷ್ಟು ಗಟ್ಟಿ ಬೀಗ ಹಾಕಿದರೂ ಪಕ್ಕದಲ್ಲಿ ಬೀಗವಿಲ್ಲದ ಬಾಗಿಲಿದ್ದರೆ ಸರ್ಕಾರ ಅದನ್ನೇ ಬಳಸುತ್ತದೆ.

ದಕ್ಷಿಣ ಆಫ್ರಿಕಾದ 1996ರ ಸಂವಿಧಾನದ 37ನೇ ಸೆಕ್ಷನ್ ಇಂಥ ನಿಯಮಗಳಲ್ಲೇ ಅಚ್ಚುಕಟ್ಟಾದದ್ದು. ಘೋಷಣೆಗೆ 21 ದಿನ ಆಯುಷ್ಯ. ವಿಸ್ತರಣೆ ಒಂದು ಸಲಕ್ಕೆ ಮೂರು ತಿಂಗಳು ಮೀರುವಂತಿಲ್ಲ. ಮೊದಲ ವಿಸ್ತರಣೆಗೆ ಸಾಮಾನ್ಯ ಬಹುಮತ, ಮುಂದಿನವಕ್ಕೆ ಶೇ 60ರಷ್ಟು ಮತ. ಯಾರನ್ನಾದರೂ ವಿಚಾರಣೆಯಿಲ್ಲದೆ ಬಂಧಿಸಿದರೆ ಮನೆಯವರಿಗೆ ಅಥವಾ ಸ್ನೇಹಿತರಿಗೆ ತಿಳಿಸಬೇಕು, ಐದು ದಿನಗಳೊಳಗೆ ಹೆಸರು ಮತ್ತು ಇಟ್ಟಿರುವ ಜಾಗವನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಹತ್ತು ದಿನಗಳೊಳಗೆ ಕೋರ್ಟು ಬಂಧನವನ್ನು ಪರಿಶೀಲಿಸಬೇಕು. ಕೋವಿಡ್ ಬಂದಾಗ ಸರ್ಕಾರ ಇದನ್ನು ಮುಟ್ಟಲೇ ಇಲ್ಲ. 2002ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ‘ವಿಪತ್ತು ಸ್ಥಿತಿ’ ಘೋಷಿಸಿತು. ಅದನ್ನು ಮೂರು ತಿಂಗಳ ನಂತರ ತಿಂಗಳು ತಿಂಗಳು ವಿಸ್ತರಿಸಲು ಸಚಿವರೊಬ್ಬರ ಅಧಿಸೂಚನೆ ಸಾಕು. 2020ರ ಮಾರ್ಚ್‌ನಿಂದ 2022ರ ಏಪ್ರಿಲ್‌ವರೆಗೆ ಹಾಗೆಯೇ ನಡೆಯಿತು.

ಭಾರತದಲ್ಲೂ ಅದೇ ಹೆಸರಿನ 2005ರ ಕಾಯ್ದೆ ಅದೇ ಕೆಲಸ ಮಾಡಿತು. 2020ರ ಮಾರ್ಚ್ 23ರಂದು ಲೋಕಸಭೆ ಅನಿರ್ದಿಷ್ಟ ಕಾಲಕ್ಕೆ ಮುಂದೂಡಿಕೆಯಾಯಿತು. 24ರ ರಾತ್ರಿ ಎಂಟಕ್ಕೆ ಪ್ರಕಟಿಸಿದ 21 ದಿನಗಳ ಲಾಕ್‌ಡೌನ್ ನಡುರಾತ್ರಿಯಿಂದ ಜಾರಿಗೆ ಬಂತು, ನಾಲ್ಕು ಗಂಟೆಯ ಅವಕಾಶ. ಸಂಚಾರ, ಸಭೆ, ದುಡಿಮೆ ಎಲ್ಲವೂ ನಿಂತವು. 19ನೇ ವಿಧಿ ಕಾಗದದ ಮೇಲೆ ಪೂರ್ತಿ ಜಾರಿಯಲ್ಲಿತ್ತು, ಏಕೆಂದರೆ 352ನೇ ವಿಧಿಯ ಘೋಷಣೆಯೇ ಆಗಿರಲಿಲ್ಲ. ಸಂಸತ್ತು ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ. ಇಂಥ ಆದೇಶಕ್ಕೆ ಸಂಸತ್ತಿನ ಒಪ್ಪಿಗೆ ಬೇಕು ಎಂದಾಗಲಿ, ಇಂತಿಷ್ಟು ದಿನಕ್ಕೆ ತಾನಾಗಿ ಮುಗಿಯಬೇಕು ಎಂದಾಗಲಿ ಆ ಕಾಯ್ದೆ ಹೇಳುವುದಿಲ್ಲ. ಅದರ 71ನೇ ಸೆಕ್ಷನ್ ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟು ಬೇರೆ ಕೋರ್ಟುಗಳ ದಾರಿಯನ್ನೂ ಮುಚ್ಚಿದೆ. ಆದೇಶ ಮೀರಿದರೆ 51ನೇ ಸೆಕ್ಷನ್‌ನಡಿ ಒಂದು ವರ್ಷದವರೆಗೆ ಜೈಲು. ಲಾಕ್‌ಡೌನ್ ಬೇಡವಾಗಿತ್ತು ಎಂಬುದು ಇಲ್ಲಿನ ವಾದವಲ್ಲ. ಅಷ್ಟು ದೊಡ್ಡ ತೀರ್ಮಾನ ಚುನಾಯಿತ ಸದನದ ಮುಂದೆ ಮತಕ್ಕೆ ಬರದೆ ನಡೆಯಲು ಕಾನೂನೇ ಜಾಗ ಬಿಟ್ಟಿದೆ ಎಂಬುದು ಆತಂಕ.

ಹೀಗೆ ಜಾಗ ಸಿಕ್ಕಿದಾಗ ಆಗುವುದೇನು ಎಂಬುದನ್ನು ಒಂದು ಪಗಾರದ ಲೆಕ್ಕದಲ್ಲಿ ನೋಡಬಹುದು. 2020ರ ಏಪ್ರಿಲ್ 17ರಂದು ಗುಜರಾತ್ ಸರ್ಕಾರ ಕಾರ್ಖಾನೆ ಕಾಯ್ದೆಯ 5ನೇ ಸೆಕ್ಷನ್ ಬಳಸಿ ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಆ ಕಾಯ್ದೆಯಲ್ಲಿದ್ದ ಮಿತಿ ದಿನಕ್ಕೆ 9, ವಾರಕ್ಕೆ 48, ಮೀರಿದರೆ ಓವರ್‌ಟೈಮಿಗೆ ದುಪ್ಪಟ್ಟು ಕೂಲಿ. ಅಧಿಸೂಚನೆಯಲ್ಲೇ ಉದಾಹರಣೆ ಇತ್ತು: 8 ಗಂಟೆಗೆ 80 ರೂಪಾಯಿ ಇದ್ದರೆ 12 ಗಂಟೆಗೆ 120 ರೂಪಾಯಿ. ಹೆಚ್ಚುವರಿ 4 ಗಂಟೆಗೆ ದುಪ್ಪಟ್ಟು ಹಾಕಿದರೆ ಬರಬೇಕಾದದ್ದು 160. ವಾರಕ್ಕೆ 72 ಗಂಟೆ ದುಡಿದವರಿಗೆ 96 ಗಂಟೆಯ ಕೂಲಿ ಸಿಗಬೇಕಿತ್ತು, ಸಿಗುವಂತೆ ಮಾಡಿದ್ದು 72ರದ್ದು. ಅಂದರೆ ಕಾಲು ಭಾಗ ಖೋತಾ. ಆ 5ನೇ ಸೆಕ್ಷನ್ ಇದ್ದದ್ದು ಯುದ್ಧ, ಹೊರಗಿನ ಆಕ್ರಮಣ ಅಥವಾ ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಅಪಾಯ ಬಂದಾಗ ಬಳಸುವ ‘ಸಾರ್ವಜನಿಕ ತುರ್ತು’ಗಾಗಿ. ಸಾಂಕ್ರಾಮಿಕದ ಆರ್ಥಿಕ ಸಂಕಷ್ಟ ಅದರೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ಅಧಿಸೂಚನೆಗಳನ್ನು ರದ್ದು ಮಾಡಿ, ಓವರ್‌ಟೈಮ್ ಕೊಡಲು ಆದೇಶಿಸಿತು. ಅಷ್ಟರಲ್ಲಿ ಮೊದಲ ಅಧಿಸೂಚನೆಯ ಅವಧಿ ಮುಗಿದು, ಎರಡನೆಯದು ಮುಗಿಯುತ್ತಾ ಬಂದಿತ್ತು.

ಕೋರ್ಟು ಬರುವ ಹೊತ್ತಿಗೆ

ತಡವಾಗುವುದು ನ್ಯಾಯಾಂಗದ ಸೋಮಾರಿತನದಿಂದಲ್ಲ. ಆದೇಶವೇ ಕೈಗೆ ಸಿಗದಿದ್ದರೆ ಪ್ರಶ್ನಿಸುವುದು ಯಾವುದನ್ನು? 2019ರ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಇಂಟರ್ನೆಟ್ ನಿಂತಾಗ ಈ ತೊಡಕೇ ಎದುರಾಯಿತು. ಆದೇಶಗಳೆಲ್ಲ ಕೋರ್ಟಿನ ಮುಂದೆ ಬರಲಿಲ್ಲ, ಮಾದರಿ ಆದೇಶಗಳು ಬಂದವು. 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪು ಅದಕ್ಕಾಗಿಯೇ ಮುಖ್ಯ. ಇಂಟರ್ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ಕ್ರಮ ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದಿತು. ಆ ವರ್ಷದ ನವೆಂಬರ್‌ನಲ್ಲಿ ನಿಯಮಕ್ಕೆ 15 ದಿನಗಳ ಮಿತಿ ಸೇರಿತು. ಆದರೂ ಕೋರ್ಟು ತಾನೇ ಸಂಪರ್ಕ ಮರಳಿಸಲಿಲ್ಲ, ಮರುಪರಿಶೀಲನೆಗೆ ಹೇಳಿತು. 4ಜಿ ಎಲ್ಲ ಕಡೆ ಮರಳಿದ್ದು 2021ರ ಫೆಬ್ರುವರಿಯಲ್ಲಿ. 15 ದಿನಗಳ ಮಿತಿಯಲ್ಲೂ ಒಂದು ಬಿರುಕಿದೆ: ಹದಿನಾರನೇ ದಿನ ಹೊಸ ಆದೇಶ ಹೊರಡಿಸುವುದನ್ನು ಅದು ತಡೆಯುವುದಿಲ್ಲ. ಮರುಪರಿಶೀಲನಾ ಸಮಿತಿಯಲ್ಲಿ ಇರುವವರೂ ಸರ್ಕಾರದ ಕಾರ್ಯದರ್ಶಿಗಳೇ.

ನವೀಕರಣ ಬರೀ ಠಸ್ಸೆಯಾಗುವ ಅಪಾಯ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಲ್ಲಿ ಕಂಡಿದೆ. ‘ಗಲಭೆಗ್ರಸ್ತ ಪ್ರದೇಶ’ ಎಂಬ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು ಎಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾಗಾಲ್ಯಾಂಡಿನಲ್ಲಿ ಒಂದರ ಹಿಂದೊಂದು ಅಧಿಸೂಚನೆ ಬರುತ್ತಾ ಹೋಯಿತು. ಹಲವು ಜಿಲ್ಲೆಗಳಿಂದ ಅದನ್ನು ತೆಗೆದದ್ದು 2022ರಲ್ಲಿ. ಸದನದ ಮುಂದೆ ಹೋಗದ, ಕಾರಣ ಬರೆದು ಪ್ರಕಟಿಸದ ನವೀಕರಣಕ್ಕೂ ನವೀಕರಣವೇ ಇಲ್ಲದ್ದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ವಾದಗಳ ತೂಕ

ಮಿತಿ ಬೇಡ ಎನ್ನುವವರ ಮೊದಲ ಮಾತು ವೇಗದ್ದು: ಪ್ರವಾಹ ಬಂದಾಗ, ಗಡಿಯಲ್ಲಿ ಗುಂಡು ಹಾರುವಾಗ ಮತ ಎಣಿಸುತ್ತಾ ಕೂರಲಾಗದು. ಮಾತು ನಿಜ. ಆದರೆ ಮೇಲೆ ಹೇಳಿದ ಯಾವ ನಿಯಮವೂ ಆರಂಭವನ್ನು ಸದನಕ್ಕಾಗಿ ತಡೆದಿಲ್ಲ. ಫ್ರಾನ್ಸಿನ 12 ದಿನ, ದಕ್ಷಿಣ ಆಫ್ರಿಕಾದ 21 ದಿನ, ಭಾರತದ ಒಂದು ತಿಂಗಳು ಎಲ್ಲವೂ ಕ್ರಮ ಕೈಗೊಂಡ ಮೇಲೆ ಓಡುವ ಗಡಿಯಾರಗಳು. ಎರಡನೆಯ ಮಾತು, ಗುಪ್ತಚರ ಮಾಹಿತಿ ನ್ಯಾಯಾಧೀಶರಿಗೆ ಅರ್ಥವಾಗದು ಅಥವಾ ಬಯಲಿಗೆ ಬರಬಾರದು ಎಂಬುದು. ಬಯಲಿಗೆ ಬರಬಾರದ ಭಾಗವನ್ನು ಮುಚ್ಚಿದ ಕೋಣೆಯಲ್ಲಿ ನೋಡಬಹುದು. ಆದೇಶದ ದಿನವೇ ಕಾರಣ ಬರೆದಿಡುವುದಕ್ಕೆ ಗೋಪ್ಯತೆ ಅಡ್ಡಿಯಲ್ಲ.

ಮೂರನೆಯ ವಾದಕ್ಕೆ ಹೆಚ್ಚು ಬಲವಿದೆ. ಸಂವಿಧಾನದ ತುರ್ತು ವಿಧಿಯನ್ನು ತೀರಾ ಬಿಗಿ ಮಾಡಿದರೆ ಸರ್ಕಾರಗಳು ಸಾಮಾನ್ಯ ಕಾನೂನಿನ ಹಾದಿ ಹಿಡಿಯುತ್ತವೆ, ಆಗ ಇರುವ ರಕ್ಷಣೆಯೂ ಸಿಗದು. ಬೆಲ್ಜಿಯಂ ಸಂವಿಧಾನದ 187ನೇ ವಿಧಿ ಸಂವಿಧಾನವನ್ನು ಅಮಾನತು ಮಾಡುವುದನ್ನೇ ನಿಷೇಧಿಸಿದೆ. ಕೋವಿಡ್ ಕಾಲದಲ್ಲಿ ಅಲ್ಲೂ ಆಡಳಿತ ನಡೆದದ್ದು ಬಹುಪಾಲು ಸಚಿವರ ಆದೇಶಗಳಿಂದ. ಹಾಗೆಂದು ಮುಂಬಾಗಿಲ ಬೀಗ ಸಡಿಲಿಸುವುದು ಪರಿಹಾರವಾಗದು. ಹಿಂಬಾಗಿಲಿಗೂ ಅದೇ ಬೀಗ ಹಾಕಬೇಕು.

ಕಾನೂನಿನಲ್ಲಿ ಸೇರಬೇಕಾದದ್ದು

ವಿಪತ್ತು ನಿರ್ವಹಣೆ, ಸಾಂಕ್ರಾಮಿಕ ರೋಗ, ಇಂಟರ್ನೆಟ್ ಸ್ಥಗಿತ, ನಿಷೇಧಾಜ್ಞೆ ಯಾವುದೇ ಇರಲಿ, ಜನರ ಸಂಚಾರ ಅಥವಾ ಸಂಪರ್ಕ ನಿಲ್ಲಿಸುವ ಆದೇಶಕ್ಕೆ ದಿನಾಂಕ ಹಾಕಿದ ಕೊನೆ ಇರಬೇಕು. ಅದೇ ಕಾರಣಕ್ಕೆ ಮತ್ತೆ ಹೊರಡಿಸಿದರೆ ಹಿಂದಿನ ದಿನಗಳನ್ನೂ ಸೇರಿಸಿ ಎಣಿಸಬೇಕು, ಇಲ್ಲದಿದ್ದರೆ ಮಿತಿಗೆ ಅರ್ಥವಿಲ್ಲ. ಒಟ್ಟು ಅವಧಿ 30 ದಿನ ದಾಟುವುದಾದರೆ ಸಂಸತ್ತು ಅಥವಾ ವಿಧಾನಸಭೆಯ ಮತ, ಪ್ರತಿ ವಿಸ್ತರಣೆಗೂ ಹೆಚ್ಚುವ ಬಹುಮತ. ಆದೇಶ ಮತ್ತು ಕಾರಣ ಅದೇ ದಿನ ಪ್ರಕಟವಾಗಬೇಕು, ಇಂಟರ್ನೆಟ್ ಇಲ್ಲದ ಊರಿನಲ್ಲಿ ಮುದ್ರಿತ ಪ್ರತಿಯಾಗಿ. ಪರಿಶೀಲನಾ ಸಮಿತಿಗೆ ಆದೇಶ ಕೊಟ್ಟ ಇಲಾಖೆಯ ಹೊರಗಿನವರು, ಕನಿಷ್ಠ ಒಬ್ಬ ನ್ಯಾಯಾಧೀಶರು ಬೇಕು.

ಮುಗಿದ ಮೇಲಿನ ಲೆಕ್ಕಪತ್ರವೂ ಕಡ್ಡಾಯವಾಗಬೇಕು. ಕೆನಡಾದ 1988ರ ತುರ್ತು ಕಾಯ್ದೆಯಲ್ಲಿ ಇದಿದೆ. 2022ರ ಫೆಬ್ರುವರಿ 14ರಂದು ಲಾರಿ ಚಾಲಕರ ಪ್ರತಿಭಟನೆಗೆ ಅದನ್ನು ಬಳಸಿ, ಕೆಲವರ ಬ್ಯಾಂಕ್ ಖಾತೆಗಳನ್ನೂ ತಡೆಹಿಡಿದ ಸರ್ಕಾರ 23ಕ್ಕೆ ಹಿಂಪಡೆಯಿತು. ಅರವತ್ತು ದಿನಗಳೊಳಗೆ ವಿಚಾರಣಾ ಆಯೋಗ ನೇಮಿಸುವುದು ಕಾನೂನಿನದೇ ಕಟ್ಟಳೆ, ಸರ್ಕಾರದ ಮರ್ಜಿಯಲ್ಲ. ಆಯೋಗ 2023ರಲ್ಲಿ ಬಳಕೆ ಸರಿ ಎಂದಿತು, 2024ರ ಜನವರಿಯಲ್ಲಿ ಫೆಡರಲ್ ಕೋರ್ಟು ತಪ್ಪು ಎಂದಿತು. ಎರಡು ಉತ್ತರ ಬಂದದ್ದು ದೋಷವೇನಲ್ಲ. ದಾಖಲೆ, ಸಾಕ್ಷ್ಯ ಬಹಿರಂಗವಾಗಿ ಮೇಜಿನ ಮೇಲೆ ಬಂದದ್ದರಿಂದಲೇ ಆ ಚರ್ಚೆ ಸಾಧ್ಯವಾಯಿತು.

ಇವೆಲ್ಲಕ್ಕೂ ಹೊಸ ಮಸೂದೆ ಬೇಕು, ಬಹುಮತ ಬೇಕು, ಸಮಯ ಬೇಕು. ಒಂದು ಕೆಲಸಕ್ಕೆ ಮಾತ್ರ ಇದ್ಯಾವುದೂ ಬೇಡ. 44ನೇ ತಿದ್ದುಪಡಿಯ 3ನೇ ಸೆಕ್ಷನ್ ಮುಂಜಾಗ್ರತಾ ಬಂಧನದ 22ನೇ ವಿಧಿಯನ್ನು ಬದಲಿಸುತ್ತದೆ. ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಒಬ್ಬರನ್ನು ಈಗ ಮೂರು ತಿಂಗಳು ಒಳಗಿಡಬಹುದು, ಅದು ಎರಡು ತಿಂಗಳಿಗೆ ಇಳಿಯುತ್ತದೆ. ಮಂಡಳಿಯ ರಚನೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ಆಗಬೇಕಾಗುತ್ತದೆ, ಅಧ್ಯಕ್ಷರು ಸೇವೆಯಲ್ಲಿರುವ ನ್ಯಾಯಮೂರ್ತಿಯೇ ಆಗಿರಬೇಕಾಗುತ್ತದೆ. ಮಂಡಳಿಯನ್ನೇ ಬದಿಗಿಟ್ಟು ಬಂಧನ ಮುಂದುವರಿಸುವ ಕಾನೂನು ಮಾಡಲು ಸಂಸತ್ತಿಗಿರುವ ಅವಕಾಶವೂ ಹೋಗುತ್ತದೆ. ಸಂಸತ್ತು ಇದನ್ನು ಒಪ್ಪಿದೆ, ರಾಷ್ಟ್ರಪತಿಯ ಅಂಕಿತವೂ ಬಿದ್ದಿದೆ. ಜಾರಿಯ ದಿನಾಂಕ ಗೊತ್ತುಮಾಡುವುದನ್ನು ಕೇಂದ್ರ ಸರ್ಕಾರಕ್ಕೆ ಬಿಡಲಾಗಿತ್ತು. ದಿನಾಂಕ ಗೊತ್ತುಮಾಡಿ ಎಂದು ತಾನು ಆದೇಶಿಸಲಾಗದು ಎಂದು 1981ರಲ್ಲಿ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 1978ರಿಂದ ಬಂದ ಎಲ್ಲ ಪಕ್ಷಗಳ ಸರ್ಕಾರಗಳೂ ಆ ಅಧಿಸೂಚನೆಯನ್ನು ಹೊರಡಿಸದೆ ಬಿಟ್ಟಿವೆ.